ಗೊರಕೆಗೆ ಯಾವ ಅಕ್ಷರ?

ಮಕ್ಕಳ ಚಿತ್ರಕಥೆಗಳಲ್ಲಿ ಚಿತ್ರ ಬರೆಯುವುದು, ಮಾತು ಮತ್ತು ಸದ್ದುಗಳನ್ನು ಅಕ್ಷರಕ್ಕಿಳಿಸುವುದು ನನ್ನ ಕೆಲಸ. ಬಾಂಬು, ಗುಡುಗು ಎಲ್ಲ ಸುಲಭ. ತಲೆ ತಿನ್ನುವುದು ಗೊರಕೆ.

ನಿದ್ದೆ ಅಂದ ಕೂಡಲೇ ಎಲ್ಲರ ಕೈ ಇಂಗ್ಲಿಷಿನ ಮೂರು ಝಡ್ ಬರೆಯುತ್ತದೆ. ಇದು 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಪತ್ರಿಕೆಗಳ ಚಿತ್ರಕಥೆಗಳಿಂದ ಹಬ್ಬಿದ ರೂಢಿ. ಗರಗಸ ಮರದ ದಿಮ್ಮಿ ಕೊಯ್ಯುವ ಚಿತ್ರವನ್ನೂ ಅಲ್ಲಿ ಗೊರಕೆಗೆ ಬಳಸುತ್ತಿದ್ದರು. ಗರಗಸದ ಸದ್ದಿಗೆ 'ಝ್' ಹೊಂದುತ್ತದೆ, ಒಪ್ಪೋಣ. ಆದರೆ ಗೊರಕೆಗೆ?

ಒಮ್ಮೆ ಅಂಗಾತ ಮಲಗಿ ಬೇಕಂತಲೇ ಗೊರಕೆ ಹೊಡೆದು ನೋಡಿದೆ. (ಮನೆಯವರು ನಕ್ಕರು, ಇರಲಿ.) ನಡುಗುವುದು ಅಂಗುಳದ ಹಿಂದಿನ ಮೆತ್ತನೆ ಭಾಗ ಮತ್ತು ಕಿರುನಾಲಿಗೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ದಾರಿ ಕಿರಿದಾಗುತ್ತದೆ, ಗಾಳಿ ಅಲ್ಲಿ ತಿಕ್ಕಾಡುತ್ತದೆ. 'ಝ್' ಅನ್ನಲು ನಾಲಿಗೆಯ ತುದಿ ಹಲ್ಲಿನ ಹತ್ತಿರ ಏಳಬೇಕು. ಮಲಗಿದವನ ನಾಲಿಗೆಗೆ ಅಷ್ಟು ಉಮೇದು ಎಲ್ಲಿಂದ ಬರಬೇಕು? 'ಗ' ಹುಟ್ಟುವುದೇ ಆ ಮೆತ್ತನೆ ಜಾಗದಲ್ಲಿ. ಹಾಗಾಗಿ ನಮ್ಮ 'ಗೊರ್' ನಿಜಕ್ಕೆ ಹತ್ತಿರ. ಜಪಾನಿನ ಚಿತ್ರಕಥೆಗಳಲ್ಲೂ ಗೊರಕೆ 'ಗೂ ಗೂ' ಅನ್ನುತ್ತದೆ.

ಬರೆಯುವಾಗ ಇನ್ನೊಂದು ತಾಪತ್ರಯ. ಕಂಪ್ಯೂಟರಿನಲ್ಲಿ ರ್ ಮೇಲೆ ರ್ ಒತ್ತಿದರೆ ಒತ್ತಕ್ಷರವಾಗಿ ಒಂದಕ್ಕೊಂದು ಅಂಟಿಕೊಂಡುಬಿಡುತ್ತದೆ. ನಡುವೆ ಕಣ್ಣಿಗೆ ಕಾಣದ, ಅಕ್ಷರ ಬಿಡಿಸುವ ಕೀಲಿ ಒತ್ತಿದರೆ 'ಗೊರ್‌ರ್‌ರ್' ಅಂತ ಸಾಲಾಗಿ ಹರಿಯುತ್ತದೆ. ಉಸಿರು ಒಳಗೆ ಹೋಗುವಾಗ ಅಕ್ಷರಗಳನ್ನು ದೊಡ್ಡದು ಮಾಡುತ್ತಾ ಹೋಗುತ್ತೇನೆ. ಸ್ವಲ್ಪ ಖಾಲಿ ಜಾಗ. ಆಮೇಲೆ ತೆಳ್ಳಗೆ ಒಂದು 'ಪುಸ್'. ಆ ಖಾಲಿ ಜಾಗ ಇಲ್ಲದಿದ್ದರೆ ಗೊರಕೆ ಹೋಗಿ ಮೋಟಾರಾಗುತ್ತದೆ.

ಹಾಗಂತ ಝಡ್ ಬಿಟ್ಟಿಲ್ಲ. ಅದನ್ನು ಈಗ ಯಾರೂ ಸದ್ದಾಗಿ ಓದುವುದಿಲ್ಲ, 'ಮಲಗಿದ್ದಾನೆ' ಅಂತ ಓದುತ್ತಾರೆ, ಅಲ್ವಾ? 2010ರಲ್ಲಿ ಕಂಪ್ಯೂಟರಿನ ಅಕ್ಷರ, ಚಿಹ್ನೆಗಳ ಜಾಗತಿಕ ಪಟ್ಟಿಯಾದ ಯೂನಿಕೋಡ್ ಕೂಡ ಅದನ್ನು ನಿದ್ದೆಯ ಚಿಹ್ನೆಯಾಗಿ ಸೇರಿಸಿಕೊಂಡಿತು. ತರಗತಿಯ ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ತೂಕಡಿಸುವ ಹುಡುಗನಿಗೆ ಝಡ್ಡೇ ಸರಿ. ಆದರೆ ಕಾವಲುಗಾರ ಮಲಗಿದ್ದಾನೆ, ಕಳ್ಳ ಒಳಗೆ ಕಾಲಿಡುತ್ತಿದ್ದಾನೆ ಅನ್ನಿ. ಅಲ್ಲಿ 'ಗೊರ್‌ರ್' ಬೇಕೇ ಬೇಕು. ಯಾಕೆಂದರೆ ಮುಂದಿನ ಚೌಕದಲ್ಲಿ ಅದು 'ಗೊ' ಅಂತ ಅರ್ಧಕ್ಕೇ ನಿಲ್ಲಬೇಕು. ಝಡ್ಡನ್ನು ಹಾಗೆ ಅರ್ಧಕ್ಕೆ ಕತ್ತರಿಸಲು ಬರುವುದಿಲ್ಲ.