ಆರ್‌ನಲ್ಲಿ ಲೆಕ್ಕ ಕೈಕೊಟ್ಟಾಗ: ನಾನು ಮೊದಲು ನೋಡುವ ಜಾಗಗಳು

ಅಂಕಿಅಂಶದ ಲೆಕ್ಕಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ ಆರ್‌ನಲ್ಲಿ ಕೆಂಪಕ್ಷರದ ಎರರ್ ಬಂದರೆ ನನಗೆ ಅಷ್ಟೇನೂ ತಲೆಬಿಸಿ ಇಲ್ಲ. ಕೋಡ್ ನಿಂತಿದೆ, ಎಲ್ಲಿ ನಿಂತಿತು ಅಂತಲೂ ಹೇಳುತ್ತಿದೆ. ದಿನಗಟ್ಟಲೆ ಸಮಯ ತಿನ್ನುವುದು ಎರರ್ ಬಾರದ ತಪ್ಪುಗಳು. ಕೋಡ್ ಸಲೀಸಾಗಿ ಓಡುತ್ತದೆ, ಟೇಬಲ್ ಬರುತ್ತದೆ, ಗ್ರಾಫೂ ಬರುತ್ತದೆ. ಸಂಖ್ಯೆ ಮಾತ್ರ ಸುಳ್ಳು. ಇಲ್ಲಿ ಹೆಚ್ಚಿನ ಜಾಗ ಅಂಥವಕ್ಕೇ ಕೊಟ್ಟಿದ್ದೇನೆ. ಫಂಕ್ಷನ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ, ಹೆಸರಿನ ನಡುವೆ ಇರುವ ಚುಕ್ಕಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಅರ್ಧಕ್ಕರ್ಧ ತೊಂದರೆ ಫೈಲ್ ಓದುವ ಸಾಲಿನಲ್ಲೇ ಹುಟ್ಟುತ್ತದೆ. ಹೊಸ ಫೈಲ್ ಕೈಗೆ ಬಂದಾಗ ‘ರೀಡ್.ಸಿಎಸ್‌ವಿ’ಗೆ ‘ಕಾಲ್‌ಕ್ಲಾಸಸ್’ ಆಗಿ ‘ಕ್ಯಾರೆಕ್ಟರ್’ ಕೊಟ್ಟು ಎಲ್ಲ ಕಾಲಂಗಳನ್ನೂ ಪಠ್ಯವಾಗಿಯೇ ಓದಿಸುತ್ತೇನೆ. ಯಾವುದು ಸಂಖ್ಯೆ, ಯಾವುದು ದಿನಾಂಕ ಅಂತ ಊಹಿಸುವ ಕೆಲಸ ಆರ್‌ಗೆ ಬಿಟ್ಟರೆ 007 ಎಂಬ ಗುರುತಿನ ಸಂಖ್ಯೆ 7 ಆಗುತ್ತದೆ, ಆಮೇಲೆ ಅದು ಇನ್ನೊಂದು ಟೇಬಲ್ಲಿನ 007ಕ್ಕೆ ಕೂಡಿಕೊಳ್ಳುವುದಿಲ್ಲ. ಉದ್ದದ ಗುರುತಿನ ಸಂಖ್ಯೆಗಳ ಗತಿ ಇನ್ನೂ ಕೆಟ್ಟದ್ದು. ಆರ್ ಮಾಮೂಲಿ ಸಂಖ್ಯೆಯನ್ನು 8 ಬೈಟ್‌ಗಳಲ್ಲಿ ಇಡುತ್ತದೆ. 9007199254740992 ದಾಟಿದರೆ ಪ್ರತಿ ಪೂರ್ಣಾಂಕವನ್ನೂ ಬೇರೆಬೇರೆಯಾಗಿ ಹಿಡಿದಿಡಲು ಅದಕ್ಕೆ ಆಗುವುದಿಲ್ಲ, ಕೊನೆಯ ಅಂಕಿ ಬದಲಾಗಿ ಇಬ್ಬರ ಸಂಖ್ಯೆ ಒಂದೇ ಆಗಿಬಿಡಬಹುದು. ಕೂಡಿಸಿ ಕಳೆಯುವ ಅಗತ್ಯವಿಲ್ಲದ ಯಾವ ಸಂಖ್ಯೆಯನ್ನೂ ನಾನು ಸಂಖ್ಯೆಯಾಗಿ ಓದಿಸುವುದಿಲ್ಲ.

ಓದಿದ ಮೇಲೆ ಒಂದೊಂದೇ ಕಾಲಂ ಪರಿವರ್ತನೆ. ‘ಆಸ್.ನ್ಯೂಮರಿಕ್’ ಹಾಕಿದ ಕೂಡಲೇ ‘ಎನ್‌ಎಸ್ ಇಂಟ್ರಡ್ಯೂಸ್ಡ್ ಬೈ ಕೊಅರ್ಶನ್’ ಅಂತ ವಾರ್ನಿಂಗ್ ಬಂದರೆ ಅದನ್ನು ಬಾಯಿ ಮುಚ್ಚಿಸಬಾರದು. ಪರಿವರ್ತನೆಗೆ ಮುಂಚೆ ಎನ್‌ಎ (ಬೆಲೆ ಇಲ್ಲ ಎಂಬ ಆರ್‌ನ ಗುರುತು) ಅಲ್ಲದೆ ಇದ್ದು, ಆಮೇಲೆ ಎನ್‌ಎ ಆದ ಸಾಲುಗಳನ್ನಷ್ಟೇ ಹೊರತೆಗೆದು, ಮೂಲ ಪಠ್ಯದ ಮೇಲೆ ‘ಯೂನೀಕ್’ ಓಡಿಸುತ್ತೇನೆ. ಸಾವಿರಾರು ಸಾಲಿನ ಗಲಾಟೆ ಐದಾರು ನಮೂನೆಗೆ ಇಳಿಯುತ್ತದೆ: 12,500 ಎಂಬಲ್ಲಿನ ಅಲ್ಪವಿರಾಮ, ಒಂದು ಅಡ್ಡಗೆರೆ, ‘ಇಲ್ಲ’ ಎಂಬ ಪದ, ಸಂಖ್ಯೆಯ ಹಿಂದೆ ಅಂಟಿದ ಖಾಲಿ ಜಾಗ. ಅಲ್ಪವಿರಾಮಕ್ಕೆ ‘ಜಿಸಬ್’ ಸಾಕು. ಖಾಲಿ ಜಾಗಕ್ಕೆ ‘ಟ್ರಿಮ್‌ಡಬ್ಲ್ಯೂಎಸ್’ ಇದೆ, ಆದರೆ ಅದು ತಾನಾಗಿ ತೆಗೆಯುವುದು ಮಾಮೂಲಿ ಸ್ಪೇಸ್, ಟ್ಯಾಬ್ ಮತ್ತು ಸಾಲು ಮುರಿಯುವ ಗುರುತುಗಳನ್ನು ಮಾತ್ರ. ವೆಬ್ ಪುಟದಿಂದ ಅಂಟಿಸಿದ ಡೇಟಾದಲ್ಲಿ ನೋಡಲು ಸ್ಪೇಸ್‌ನಂತೆಯೇ ಕಾಣುವ ‘ನಾನ್ ಬ್ರೇಕಿಂಗ್ ಸ್ಪೇಸ್’ ಅವಿತಿರುತ್ತದೆ, ಅದನ್ನು ಮೊದಲು ಮಾಮೂಲಿ ಸ್ಪೇಸ್‌ಗೆ ಬದಲಿಸಬೇಕು. ಕಣ್ಣಿಗೆ ಒಂದೇ ಥರ ಕಾಣುವ ಎರಡು ಹೆಸರುಗಳು ಸಮ ಅಲ್ಲ ಅಂತ ಆರ್ ಹಟ ಹಿಡಿದರೆ ‘ಎನ್‌ಚಾರ್’ ಹಾಕಿ ಎರಡರ ಉದ್ದ ನೋಡಿ, ಅಲ್ಲೇ ಗುಟ್ಟು ಬಯಲಾಗುತ್ತದೆ.

ಫೈಲಿನಲ್ಲಿ 5000 ಸಾಲಿದ್ದು ಆರ್‌ನಲ್ಲಿ 3000 ಮಾತ್ರ ಬಂದರೆ ಉದ್ಧರಣ ಚಿಹ್ನೆಯ ಮೇಲೆ ಅನುಮಾನಪಡಿ. ‘ರೀಡ್.ಟೇಬಲ್’ಗೆ ಒಂಟಿ ಉದ್ಧರಣ ಚಿಹ್ನೆಯೂ ಚಿಹ್ನೆಯೇ. ಯಾವುದೋ ಹೆಸರಿನ ನಡುವಿನ ಅಪಾಸ್ಟ್ರಫಿ ಕಂಡರೆ ಮುಂದಿನ ಅಪಾಸ್ಟ್ರಫಿಯವರೆಗಿನದನ್ನೆಲ್ಲ ಒಂದೇ ಕೋಶಕ್ಕೆ ನುಂಗಿಬಿಡುತ್ತದೆ. ‘ಕೋಟ್’ಗೆ ಖಾಲಿ ಪಠ್ಯ ಕೊಟ್ಟರೆ ಸರಿಹೋಗುತ್ತದೆ. ಅದೇ ಫಂಕ್ಷನ್ ಹ್ಯಾಶ್ ಚಿಹ್ನೆಯ ನಂತರದ್ದನ್ನು ಟಿಪ್ಪಣಿ ಅಂತ ಬಿಟ್ಟುಬಿಡುತ್ತದೆ, ‘ಕಾಮೆಂಟ್.ಚಾರ್’ ಅನ್ನೂ ಖಾಲಿ ಮಾಡಿ. ‘ರೀಡ್.ಸಿಎಸ್‌ವಿ’ಯಲ್ಲಿ ಈ ಎರಡೂ ಕಾಟ ಇಲ್ಲ. ಮೊದಲ ಕಾಲಂ ಹೆಸರಿನ ಮುಂದೆ ಮಾತ್ರ ಅರ್ಥವಿಲ್ಲದ ಅಕ್ಷರಗಳು ಕಂಡರೆ ಅದು ಫೈಲಿನ ಆರಂಭದಲ್ಲಿ ಅವಿತಿರುವ ಬಿಒಎಂ ಎಂಬ ಎನ್‌ಕೋಡಿಂಗ್ ಗುರುತು, ‘ಫೈಲ್‌ಎನ್‌ಕೋಡಿಂಗ್’ಗೆ ‘ಯುಟಿಎಫ್-8-ಬಿಒಎಂ’ ಕೊಟ್ಟರೆ ಹೋಗುತ್ತದೆ.

ಫ್ಯಾಕ್ಟರ್ ಅಂದರೆ ಕಾಲಂನ ಬೆಲೆಗಳನ್ನು ಮಟ್ಟಗಳಾಗಿ ಪಟ್ಟಿ ಮಾಡಿ, ಒಳಗೆ 1, 2, 3 ಅಂತ ಸಂಖ್ಯೆಯಾಗಿ ಇಡುವ ಬಗೆ. ಅದರ ವಿಷಯ ಹಳೆಯದು, ಆದರೂ ಸತ್ತಿಲ್ಲ. 2020ರಲ್ಲಿ ಬಂದ ಆರ್ 4.0.0ರಿಂದ ಪಠ್ಯದ ಕಾಲಂ ತಾನಾಗಿ ಫ್ಯಾಕ್ಟರ್ ಆಗುವುದು ನಿಂತಿತು. ಹಳೆಯ ಕೋಡ್, ಆರ್ ತನ್ನದೇ ರೂಪದಲ್ಲಿ ಉಳಿಸಿದ ಹಳೆಯ ಆರ್‌ಡಿಎಸ್ ಫೈಲುಗಳಲ್ಲಿ ಅದು ಈಗಲೂ ಸಿಗುತ್ತದೆ. ಪಠ್ಯದಿಂದ ಹುಟ್ಟಿದ ಫ್ಯಾಕ್ಟರ್‌ನಲ್ಲಿ 10, 20, 5 ಎಂಬ ಬೆಲೆಗಳಿವೆ ಅನ್ನಿ. ಮಟ್ಟಗಳು ಅಕ್ಷರ ಕ್ರಮದಲ್ಲಿ ನಿಲ್ಲುತ್ತವೆ, ಹಾಗಾಗಿ 10 ಮೊದಲು, 20 ಎರಡನೆಯದು, 5 ಕೊನೆಗೆ. ನೇರವಾಗಿ ‘ಆಸ್.ನ್ಯೂಮರಿಕ್’ ಹಾಕಿದರೆ ಸಿಗುವುದು 1, 2, 3. ವಾರ್ನಿಂಗ್ ಕೂಡ ಇಲ್ಲ. ಮೊದಲು ‘ಆಸ್.ಕ್ಯಾರೆಕ್ಟರ್’, ಆಮೇಲೆ ‘ಆಸ್.ನ್ಯೂಮರಿಕ್’, ಈ ಕ್ರಮ ತಪ್ಪಬಾರದು. ಸರಾಸರಿ ವಯಸ್ಸು 14 ಅಂತ ಬಂದರೆ ನಾನು ಮೊದಲು ನೋಡುವುದು ಇದನ್ನೇ.

ದಿನಾಂಕದ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ, ಇಷ್ಟು ತೆಪ್ಪಗೆ ತಪ್ಪುವ ಜಾಗ ಮತ್ತೊಂದಿಲ್ಲ. 03/04/2024 ಎಂಬ ಪಠ್ಯವಿದೆ, ಅಂದರೆ ಏಪ್ರಿಲ್ 3. ಫಾರ್ಮ್ಯಾಟ್ ಹೇಳದೆ ‘ಆಸ್.ಡೇಟ್’ ಹಾಕಿದರೆ ಆರ್ ಅದನ್ನು ವರ್ಷ/ತಿಂಗಳು/ದಿನ ಅಂತ ಓದಿ 0003-04-20 ಕೊಡುತ್ತದೆ, ಕ್ರಿಸ್ತಶಕ ಮೂರನೇ ವರ್ಷ! ಫಾರ್ಮ್ಯಾಟ್ ಕೊಟ್ಟೆ, ಆದರೆ ವರ್ಷಕ್ಕೆ ದೊಡ್ಡ ವೈ ಬದಲು ಸಣ್ಣ ವೈ ಹಾಕಿದೆ ಅಂದುಕೊಳ್ಳಿ. ಸಣ್ಣ ವೈ ಎರಡೇ ಅಂಕಿ ತೆಗೆದುಕೊಳ್ಳುವುದು. 2024ರಲ್ಲಿ 20 ತೆಗೆದುಕೊಂಡು, ಉಳಿದ 24 ಅನ್ನು ಬಿಟ್ಟು, 2020-04-03 ಅನ್ನುತ್ತದೆ. ಮೊದಲನೆಯದು ನೋಡಿದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಎರಡನೆಯದು ನಂಬುವಂತಿದೆ, ಅಪಾಯ ಇರುವುದೇ ಅಲ್ಲಿ. ನಿಜವಾಗಿಯೂ ಎರಡಂಕಿಯ ವರ್ಷಗಳಿದ್ದರೆ 00ರಿಂದ 68ರವರೆಗಿನವು 2000ದ ದಶಕಗಳಿಗೆ, 69ರಿಂದ 99 ರವರೆಗಿನವು 1900ರ ಕಡೆಗೆ ಹೋಗುತ್ತವೆ. 65ರಲ್ಲಿ ಹುಟ್ಟಿದವರು 2065ಕ್ಕೆ ಹುಟ್ಟಲು ಕಾಯುತ್ತಿರುತ್ತಾರೆ. ಪರಿವರ್ತನೆ ಆದ ಪ್ರತಿ ಕಾಲಂಗೂ ನಾನು ‘ರೇಂಜ್’ ಹಾಕುತ್ತೇನೆ, ಆಮೇಲೆ ವರ್ಷವಾರು ‘ಟೇಬಲ್’. ಎಲ್ಲವೂ ಒಂದೇ ವರ್ಷಕ್ಕೆ ಗುಡ್ಡೆ ಬಿದ್ದಿದ್ದರೆ ಫಾರ್ಮ್ಯಾಟ್ ಕಡೆ ತಿರುಗಿ ನೋಡಬೇಕು.

ಎಕ್ಸೆಲ್‌ನಿಂದ ಬಂದ ದಿನಾಂಕ 45000 ಅಂತ ಕಾಣಿಸಿದರೆ ಗಾಬರಿ ಬೇಡ. ‘ಆಸ್.ಡೇಟ್’ಗೆ ‘ಆರಿಜಿನ್’ ಆಗಿ 1899-12-30 ಕೊಡಿ, 2023-03-15 ಬರುತ್ತದೆ. ಇನ್ನು, ದಿನಾಂಕದ ಕಾಲಂ ಇದ್ದಕ್ಕಿದ್ದಂತೆ 19723ರಂಥ ಸಂಖ್ಯೆಯಾಗಿದ್ದರೆ ‘ಇಫ್‌ಎಲ್ಸ್’ ಬಳಸಿದ್ದೀರಾ ನೋಡಿ. ಅದು ದಿನಾಂಕದ ಕ್ಲಾಸ್ ಕಳಚಿ 1970ರ ಜನವರಿ 1ರಿಂದ ಎಣಿಸಿದ ದಿನಗಳನ್ನು ಮಾತ್ರ ಉಳಿಸುತ್ತದೆ. ಡಿಪ್ಲೈಆರ್ ಎಂಬ ಪ್ಯಾಕೇಜಿನ (ಆರ್‌ಗೆ ಸೇರಿಸಿಕೊಳ್ಳುವ ಫಂಕ್ಷನ್‌ಗಳ ಕಟ್ಟು) ‘ಇಫ್_ಎಲ್ಸ್’ ಹಾಗೆ ಮಾಡುವುದಿಲ್ಲ.

ಎನ್‌ಎ ಅಂದರೆ ‘ಗೊತ್ತಿಲ್ಲ’. ಗೊತ್ತಿಲ್ಲದ್ದು 60ಕ್ಕಿಂತ ಹೆಚ್ಚೇ ಅಂತ ಕೇಳಿದರೆ ಉತ್ತರವೂ ಗೊತ್ತಿಲ್ಲ. ಇದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಚೌಕ ಆವರಣದೊಳಗೆ ‘ವಯಸ್ಸು 60ಕ್ಕಿಂತ ಹೆಚ್ಚು’ ಅಂತ ಶರತ್ತು ಹಾಕಿದರೆ ವಯಸ್ಸು ಇಲ್ಲದ ಪ್ರತಿ ಸಾಲಿಗೂ ಪೂರ್ತಿ ಎನ್‌ಎ ತುಂಬಿದ ಸಾಲೊಂದು ಬಂದು ಕೂರುತ್ತದೆ, ‘ಎನ್‌ರೋ’ ಅದನ್ನೂ ಎಣಿಸುತ್ತದೆ. ಶರತ್ತನ್ನು ‘ವಿಚ್’ನೊಳಗೆ ಸುತ್ತಿದರೆ ಅವು ಬರುವುದಿಲ್ಲ. ಆದರೆ ‘ವಿಚ್’ ಮುಂದೆ ಮೈನಸ್ ಹಾಕಿ ಸಾಲು ತೆಗೆಯುವ ಚಾಳಿ ಬೇಡ. ತೆಗೆಯಬೇಕಾದ ಸಾಲು ಒಂದೂ ಇಲ್ಲದ ದಿನ ನಿಮ್ಮ ಇಡೀ ಡೇಟಾ ಫ್ರೇಮ್ (ಡೇಟಾದ ಟೇಬಲ್) ಸೊನ್ನೆ ಸಾಲಿಗೆ ಇಳಿಯುತ್ತದೆ. ಡಿಪ್ಲೈಆರ್‌ನ ‘ಫಿಲ್ಟರ್’ ತದ್ವಿರುದ್ಧ: ‘ಸ್ಥಿತಿ ರದ್ದು ಅಲ್ಲ’ ಅಂತ ಕೇಳಿದರೆ ಸ್ಥಿತಿ ಬರೆಯದೇ ಬಿಟ್ಟ ಸಾಲುಗಳನ್ನೂ ಹೊರಗೆ ಹಾಕುತ್ತದೆ. ಅವೂ ಬೇಕಿದ್ದರೆ ‘ಅಥವಾ ಈಸ್.ಎನ್‌ಎ’ ಅಂತ ಸೇರಿಸಿ. ‘ಟೇಬಲ್’ ಕೂಡ ಎನ್‌ಎ ತೋರಿಸುವುದಿಲ್ಲ. ‘ಯೂಸ್‌ಎನ್‌ಎ’ಗೆ ‘ಇಫೆನಿ’ ಕೊಡುವುದು ನನ್ನ ಬೆರಳುಗಳಿಗೇ ಅಭ್ಯಾಸವಾಗಿದೆ. ಇನ್ನು 999, -99ರ ವೇಷದಲ್ಲಿ ಬರುವ ಖಾಲಿಗಳನ್ನು ಓದುವಾಗಲೇ ‘ಎನ್‌ಎ.ಸ್ಟ್ರಿಂಗ್ಸ್’ನಲ್ಲಿ ಹೇಳಿಬಿಡಬೇಕು. ಅದು ಎಲ್ಲ ಕಾಲಂಗೂ ಅನ್ವಯಿಸುತ್ತದೆ. ಯಾವುದಾದರೂ ಕಾಲಂನಲ್ಲಿ 999 ನಿಜವಾದ ಬೆಲೆ ಆಗಿರಬಹುದಾದರೆ ಅಲ್ಲಿ ಒಂದೊಂದಾಗಿ ಮಾಡುವುದೇ ಸರಿ.

ಟೇಬಲ್ ಜೋಡಣೆಗೆ ಬಂದರೆ ನನ್ನ ನಿಯಮ ಕಟ್ಟುನಿಟ್ಟು: ಜೋಡಿಸುವ ಮುಂಚೆ ಒಮ್ಮೆ ‘ಎನ್‌ರೋ’, ಜೋಡಿಸಿದ ಮೇಲೆ ಒಮ್ಮೆ. ಮಾರಾಟದ ಟೇಬಲ್ಲಿನಲ್ಲಿ 17ನೇ ಗ್ರಾಹಕನ 5 ಸಾಲುಗಳಿವೆ, ವಿಳಾಸದ ಟೇಬಲ್ಲಿನಲ್ಲಿ ಅದೇ 17 ಮೂರು ಸಲ ಬಂದಿದೆ ಅನ್ನಿ. ಜೋಡಿಸಿದರೆ 15 ಸಾಲು, ಆ ಗ್ರಾಹಕನ ಒಟ್ಟು ಮೊತ್ತ ಮೂರು ಪಟ್ಟು. ಕೀ, ಅಂದರೆ ಎರಡು ಟೇಬಲ್ ಜೋಡಿಸಲು ಬಳಸುವ ಕಾಲಂ, ಖಾಲಿ ಇದ್ದರೆ ಕಥೆ ಇನ್ನೂ ದೊಡ್ಡದು. ‘ಮರ್ಜ್’ ಆಗಲಿ ಡಿಪ್ಲೈಆರ್‌ನ ‘ಲೆಫ್ಟ್_ಜಾಯ್ನ್’ ಆಗಲಿ, ಹೇಳದೆ ಬಿಟ್ಟರೆ ಎನ್‌ಎಯನ್ನು ಎನ್‌ಎ ಜೊತೆಗೆ ಕೂಡಿಸುತ್ತವೆ. ಎಡಗಡೆ 40 ಖಾಲಿ, ಬಲಗಡೆ 25 ಖಾಲಿ ಇದ್ದರೆ ಎಲ್ಲಿಂದಲೋ 1000 ಸಾಲು ಉದುರುತ್ತವೆ. ಡಿಪ್ಲೈಆರ್‌ನಲ್ಲಿ ‘ಎನ್‌ಎ_ಮ್ಯಾಚಸ್’ಗೆ ‘ನೆವರ್’ ಕೊಟ್ಟರೆ ಇದು ನಿಲ್ಲುತ್ತದೆ. ಬಲಗಡೆಯ ಕೀ ಮೇಲೆ ‘ಎನಿಡೂಪ್ಲಿಕೇಟೆಡ್’ ಹಾಕಿ ಸೊನ್ನೆ ಬಂದರೆ ಮಾತ್ರ ಮುಂದೆ ಹೋಗುತ್ತೇನೆ. 2023ರ ಡಿಪ್ಲೈಆರ್ 1.1.1ರಿಂದ ‘ರಿಲೇಶನ್‌ಶಿಪ್’ ಎಂಬ ಆರ್ಗ್ಯುಮೆಂಟ್ ಇದೆ. ಅದಕ್ಕೆ ‘ಮೆನಿ-ಟು-ವನ್’ ಅಂತ ಬರೆದಿಟ್ಟರೆ ಬಲಗಡೆ ಕೀ ಪುನರಾವರ್ತನೆಯಾದ ದಿನ ಕೋಡ್ ಎರರ್ ಕೊಟ್ಟು ನಿಲ್ಲುತ್ತದೆ. ಮೂಕ ತಪ್ಪಿಗೆ ಬಾಯಿ ಕೊಡುವ ಇಂಥ ಸೌಲಭ್ಯ ಎಲ್ಲಿ ಸಿಕ್ಕರೂ ಬಳಸಿ.

‘ಮರ್ಜ್’ನ ಇನ್ನೆರಡು ಗುಣ ನೆನಪಿಡಬೇಕು. ಏನೂ ಹೇಳದಿದ್ದರೆ ಎರಡೂ ಕಡೆ ಇರುವ ಸಾಲುಗಳನ್ನು ಮಾತ್ರ ಉಳಿಸುತ್ತದೆ, ಎಡಗಡೆಯದೆಲ್ಲ ಬೇಕಿದ್ದರೆ ‘ಆಲ್.ಎಕ್ಸ್’ ಬೇಕು. ಜೊತೆಗೆ ಫಲಿತಾಂಶವನ್ನು ಕೀ ಪ್ರಕಾರ ಸಾರ್ಟ್ ಮಾಡುತ್ತದೆ. ಹಳೆಯ ಕ್ರಮದಲ್ಲೇ ಇದೆ ಅಂದುಕೊಂಡು ಮುಂದಿನ ಸಾಲಿನಲ್ಲಿ ‘ಸಿಬೈಂಡ್’ ಹಾಕಿದರೆ ಒಬ್ಬರ ಅಂಕ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ‘ಸಿಬೈಂಡ್’ ನೋಡುವುದು ಉದ್ದವನ್ನು ಮಾತ್ರ.

ಹೋಲಿಕೆಯಲ್ಲಿ ಪದೇ ಪದೇ ಕಾಣುವುದು ಒಂದು: ಗುಂಪಿನ ಕಾಲಂ ‘ಎ’ ಅಥವಾ ‘ಬಿ’ ಇರುವ ಸಾಲು ಬೇಕು ಅಂತ ಎರಡು ಸಮ ಚಿಹ್ನೆ ಹಾಕಿ ಎದುರಿಗೆ ಎರಡು ಬೆಲೆ ಕೊಡುವುದು. ಆರ್ ಅವನ್ನು ಎ, ಬಿ, ಎ, ಬಿ ಅಂತ ಕೆಳಗಿನವರೆಗೆ ಮರುಬಳಕೆ ಮಾಡಿ ಒಂದೊಂದು ಸಾಲಿಗೆ ಒಂದೊಂದನ್ನು ಹೋಲಿಸುತ್ತದೆ. ಸಾಲುಗಳ ಎಣಿಕೆ ಸಮಸಂಖ್ಯೆಯಾಗಿದ್ದರೆ (ಎರಡರಿಂದ ಭಾಗವಾದರೆ) ವಾರ್ನಿಂಗ್ ಇಲ್ಲ. ಕಾಲಂ ಬಿ, ಎ, ಬಿ, ಎ ಅಂತ ಇದ್ದರೆ ಒಂದು ಸಾಲೂ ಸಿಗುವುದಿಲ್ಲ. ಅಲ್ಲಿ ಬೇಕಾದದ್ದು ‘%ಇನ್%’. ದಶಮಾಂಶಗಳಿಗೆ ಎರಡು ಸಮ ಚಿಹ್ನೆ ಹಾಕಲೇಬಾರದು, 0.1 ಮತ್ತು 0.2 ಕೂಡಿಸಿದರೆ 0.3ಕ್ಕೆ ಸಮ ಅಲ್ಲ ಅನ್ನುತ್ತದೆ. ‘ಈಸ್‌ಟ್ರೂ’ ಒಳಗೆ ‘ಆಲ್.ಈಕ್ವಲ್’ ಇಡಿ.

ಎರಡು ಪ್ಯಾಕೇಜುಗಳಲ್ಲಿ ಒಂದೇ ಹೆಸರಿನ ಫಂಕ್ಷನ್ ಇದ್ದರೆ ಆಮೇಲೆ ಲೋಡ್ ಆದದ್ದು ಓಡುತ್ತದೆ. ಗುಂಪು ಮಾಡಿ ‘ಸಮರೈಸ್’ ಹಾಕಿದರೂ ಒಂದೇ ಸಾಲು ಬಂದರೆ ಡಿಪ್ಲೈಆರ್ ನಂತರ ಪ್ಲೈಆರ್ ಎಂಬ ಪ್ಯಾಕೇಜ್ ಲೋಡ್ ಆಗಿದೆ. ‘ಸೆಲೆಕ್ಟ್’ ಒಳಗೆ ‘ಅನ್‌ಯೂಸ್ಡ್ ಆರ್ಗ್ಯುಮೆಂಟ್’ ಎರರ್ ಬಂದರೆ ಮಾಸ್ ಪ್ಯಾಕೇಜಿನ ‘ಸೆಲೆಕ್ಟ್’ ಮುಂದೆ ನಿಂತಿದೆ. ಪ್ಯಾಕೇಜ್ ಹೆಸರು, ಎರಡು ಕೋಲನ್, ಫಂಕ್ಷನ್ ಹೆಸರು ಅಂತ ಪೂರ್ತಿ ಬರೆದರೆ ಮುಗಿಯಿತು.

ಮಾಡೆಲ್‌ಗಳಲ್ಲಿ ನಾನು ಮೊದಲು ನೋಡುವುದು ಪಿ ಬೆಲೆಯನ್ನಲ್ಲ, ಸಮರಿಯ ಕೆಳಗೆ ‘ಡಿಲೀಟೆಡ್ ಡ್ಯೂ ಟು ಮಿಸಿಂಗ್‌ನೆಸ್’ ಎಂಬ ಸಾಲನ್ನು. ಲೀನಿಯರ್ ಮಾಡೆಲ್ ಕಟ್ಟುವ ‘ಎಲ್‌ಎಂ’ ತಾನು ಬಳಸಿದ ಯಾವ ಕಾಲಂನಲ್ಲಿ ಎನ್‌ಎ ಇದ್ದರೂ ಆ ಸಾಲನ್ನು ಪೂರ್ತಿ ಬಿಡುತ್ತದೆ. ಒಂದು ಚರ ಸೇರಿಸಿದ ಮಾತ್ರಕ್ಕೆ 800 ಸಾಲಿನ ಮಾಡೆಲ್ 610 ಸಾಲಿನದಾಗಬಹುದು, ಆಗ ಎರಡರ ಎಐಸಿ (ಯಾವ ಮಾಡೆಲ್ ಮೇಲು ಅಂತ ಹೋಲಿಸುವ ಅಂಕ) ಹೋಲಿಕೆಗೆ ಅರ್ಥವಿಲ್ಲ. ‘ಅನೋವಾ’ ಎರರ್ ಕೊಡುತ್ತದೆ. ಎರಡು ಎಐಸಿಗಳನ್ನು ಬೇರೆಬೇರೆ ಸಾಲಿನಲ್ಲಿ ತೆಗೆದು ಕಣ್ಣಲ್ಲೇ ಹೋಲಿಸಿದರೆ ಎಚ್ಚರಿಸುವವರಿಲ್ಲ. ಬೇಕಾದ ಎಲ್ಲ ಚರಗಳ ಮೇಲೆ ‘ಕಂಪ್ಲೀಟ್.ಕೇಸಸ್’ ಹಾಕಿ ಒಂದೇ ಡೇಟಾ ತೆಗೆದಿಟ್ಟುಕೊಂಡು ಎರಡು ಮಾಡೆಲನ್ನೂ ಅದರ ಮೇಲೇ ಓಡಿಸುತ್ತೇನೆ. ‘ಕಾಂಟ್ರಾಸ್ಟ್ಸ್’ಗೆ ಎರಡು ಮಟ್ಟ ಬೇಕು ಎಂಬ ಎರರ್‌ನ ಬೇರೂ ಸಾಮಾನ್ಯವಾಗಿ ಇದೇ: ಎನ್‌ಎ ಸಾಲುಗಳು ಹೋದ ಮೇಲೆ ಆ ಫ್ಯಾಕ್ಟರ್‌ನಲ್ಲಿ ಒಂದೇ ಮಟ್ಟ ಉಳಿದಿರುತ್ತದೆ.

ಲಾಜಿಸ್ಟಿಕ್ ಮಾಡೆಲ್‌ನಲ್ಲಿ ಸಂಭಾವ್ಯತೆ 0 ಅಥವಾ 1 ಆಯಿತೆಂಬ ವಾರ್ನಿಂಗ್ ಬಂದು, ಒಂದು ಗುಣಾಂಕ 20ರ ಆಸುಪಾಸು, ಅದರ ಸ್ಟ್ಯಾಂಡರ್ಡ್ ಎರರ್ ಸಾವಿರಗಳಲ್ಲಿ ಕಂಡರೆ, ಆ ಚರ ಫಲಿತಾಂಶವನ್ನು ಪೂರ್ತಿ ಬೇರ್ಪಡಿಸುತ್ತಿದೆ. ಚರ ಮತ್ತು ಫಲಿತಾಂಶದ ಎರಡು ಕಡೆಯ ‘ಟೇಬಲ್’ ಹಾಕಿ ನೋಡಿ, ಒಂದು ಕೋಶದಲ್ಲಿ ಸೊನ್ನೆ ಇರುತ್ತದೆ. ಇಟರೇಶನ್ ಹೆಚ್ಚಿಸಿ ಪ್ರಯೋಜನವಿಲ್ಲ. ಮಟ್ಟಗಳನ್ನು ಅರ್ಥ ಕೆಡದಂತೆ ಕೂಡಿಸಬೇಕು, ಇಲ್ಲವೇ ‘ಲಾಜಿಸ್ಟ್‌ಎಫ್’ ಪ್ಯಾಕೇಜಿನ ಫರ್ತ್ ವಿಧಾನಕ್ಕೆ ಹೋಗಬೇಕು. ಫಲಿತಾಂಶ ಗೊತ್ತಾದ ಮೇಲೆ ಬರೆದ ಚರವೊಂದು ಒಳಗೆ ನುಸುಳಿದ್ದರೂ ಹೀಗೇ ಆಗುತ್ತದೆ, ಅದನ್ನು ತೆಗೆದುಹಾಕುವುದೊಂದೇ ದಾರಿ.

ಕೆಂಪಕ್ಷರದ ಬಗ್ಗೆ ಎರಡು ಮಾತು. ‘ಆಬ್ಜೆಕ್ಟ್ ಆಫ್ ಟೈಪ್ ಕ್ಲೋಶರ್’ ಅಂತ ಬೈದರೆ, ನೀವು ಡೇಟಾ ಅಂದುಕೊಂಡ ಹೆಸರು ನಿಜಕ್ಕೆ ಫಂಕ್ಷನ್. ಡೇಟಾಗೆ ಹಲವರು ಇಡುವ ‘ಡಿಎಫ್’ ಎಂಬ ಹೆಸರಿನ ಫಂಕ್ಷನ್ ಆರ್‌ನಲ್ಲೇ ಇದೆ. ನಿಮ್ಮ ಡೇಟಾ ಓದುವ ಸಾಲು ಓಡದೇ ಇದ್ದರೆ ಅದು ಎದುರಾಗುತ್ತದೆ. ಎಲ್ಲಿ ಕೆಟ್ಟಿತು ಅಂತ ತಿಳಿಯದಿದ್ದರೆ ಎರರ್ ಆದ ಕೂಡಲೇ ‘ಟ್ರೇಸ್‌ಬ್ಯಾಕ್’. ವಾರ್ನಿಂಗ್ ಯಾವ ಸಾಲಿನದು ಗೊತ್ತಾಗದಿದ್ದರೆ ‘ಆಪ್ಶನ್ಸ್’ನಲ್ಲಿ ‘ವಾರ್ನ್’ 2 ಮಾಡಿ, ವಾರ್ನಿಂಗೇ ಎರರ್ ಆಗಿ ಅಲ್ಲೇ ನಿಲ್ಲುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಸೆಶನ್ ಮುಚ್ಚಿ ಹೊಸದಾಗಿ ತೆರೆದು ಸ್ಕ್ರಿಪ್ಟನ್ನು ಮೊದಲ ಸಾಲಿನಿಂದ ಓಡಿಸುತ್ತೇನೆ. ಆರ್‌ಸ್ಟುಡಿಯೋದಲ್ಲಿ ಹಳೆಯ ವರ್ಕ್‌ಸ್ಪೇಸ್ ಮರಳಿ ತರುವ ಆಯ್ಕೆಯನ್ನು ಆಫ್ ಮಾಡಿಟ್ಟಿರಬೇಕು, ಇಲ್ಲವಾದರೆ ವಾರದ ಹಿಂದಿನ ಚರಗಳು ಮತ್ತೆ ಬಂದು ಕೂರುತ್ತವೆ. ಆಮೇಲೂ ತಪ್ಪು ಉಳಿದರೆ ಡೇಟಾವನ್ನು ಅರ್ಧರ್ಧ ಕತ್ತರಿಸುತ್ತಾ, ತಪ್ಪು ಇನ್ನೂ ಕಾಣುವ ಹತ್ತಿಪ್ಪತ್ತು ಸಾಲಿಗೆ ಇಳಿಸಿ, ಅದರ ಮೇಲೆ ‘ಡಿಪುಟ್’ ಹಾಕುತ್ತೇನೆ. ಬಂದ ಪಠ್ಯವನ್ನು ಯಾರಿಗೆ ಕಳಿಸಿದರೂ ಅವರ ಯಂತ್ರದಲ್ಲಿ ಕ್ಲಾಸ್ ಸಮೇತ ಅದೇ ಡೇಟಾ ಎದ್ದು ನಿಲ್ಲುತ್ತದೆ. ಕಳಿಸುವ ಮುಂಚೆ ಹೆಸರು, ಫೋನ್ ಸಂಖ್ಯೆಯ ಕಾಲಂಗಳನ್ನು ತೆಗೆದು, ಉಳಿದ ಫ್ಯಾಕ್ಟರ್‌ಗಳಿಗೆ ‘ಡ್ರಾಪ್‌ಲೆವೆಲ್ಸ್’ ಹಾಕಿ. ಸಾಲು ಹೋದರೂ ಹಳೆಯ ಮಟ್ಟಗಳ ಹೆಸರು ಫ್ಯಾಕ್ಟರ್‌ನೊಳಗೆ ಉಳಿದಿರುತ್ತದೆ, ‘ಡಿಪುಟ್’ ಅವನ್ನೂ ಬರೆದು ಕೊಡುತ್ತದೆ.