ಎರಡು ಡ್ರೈವ್, ಒಂದು ಸಾಫ್ಟ್‌ವೇರ್: ನಾನು ಆರಿಸಿಕೊಂಡ ಬಗೆ

ಮದುವೆ ಫೋಟೊ ತೆಗೆಯುವುದು ನನ್ನ ಕೆಲಸ. ಚಪ್ಪರದಿಂದ ಆರತಕ್ಷತೆವರೆಗೆ ರಾ ಫೈಲು, ವಿಡಿಯೊ ಎಲ್ಲ ಸೇರಿ ಒಂದೊಂದು ಮದುವೆಗೂ ನೂರಾರು ಜಿಬಿ. ಎಲ್ಲವೂ 2 ಟಿಬಿಯ ಒಂದು ಡ್ರೈವಿನಲ್ಲಿರುತ್ತೆ. ಅದರ ನಕಲು ಇನ್ನೊಂದರಲ್ಲಿ. ಸುಮ್ನೆ ಕಾಪಿ-ಪೇಸ್ಟ್ ಮಾಡಿದರೆ ಸಾಲದಾ ಅನ್ನುತ್ತಾರೆ. ಮೊದಲ ದಿನಕ್ಕೆ ಸಾಕು. ಆಲ್ಬಂ ತಿದ್ದುಪಡಿ ಶುರುವಾದ ಮೇಲೆ ಯಾವ ಫೈಲು ಬದಲಾಯಿತು, ಯಾವುದು ಹೋಯಿತು ಅಂತ ನೆನಪಿಡುವುದು ಆಗದ ಮಾತು. ಅದನ್ನು ಗಮನಿಸಿ ನಕಲನ್ನು ಹೊಂದಿಸಿಡುವ ಸಾಫ್ಟ್‌ವೇರ್ ಬೇಕು.

ಸಾಫ್ಟ್‌ವೇರ್ ಹುಡುಕುವಾಗ ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಡಿಸ್ಕ್ ಎಷ್ಟು ಓಡುತ್ತದೋ ಅಷ್ಟೇ. ನಾನು ನೋಡಿದ್ದು ಒಂದೇ: ಇಲ್ಲಿ ಅಳಿಸಿದ ಫೈಲಿಗೆ ಅಲ್ಲಿ ಏನಾಗುತ್ತದೆ?

ರೋಬೊಕಾಪಿ, ಅಂದರೆ ಆಜ್ಞೆ ಟೈಪ್ ಮಾಡಿ ಫೈಲು ನಕಲಿಸುವ ಸಾಧನ, ವಿಂಡೋಸ್ ಜೊತೆಗೇ ಬರುತ್ತದೆ. ಗಟ್ಟಿ ಸಾಮಾನು. ಆದರೆ ‘ಎಂಐಆರ್’ ಆಯ್ಕೆ ಕೊಟ್ಟರೆ, ಮೂಲದಲ್ಲಿ ಇಲ್ಲದ್ದನ್ನೆಲ್ಲ ನಕಲಿನಿಂದಲೂ ಅಳಿಸಿಬಿಡುತ್ತದೆ, ರೀಸೈಕಲ್ ಬಿನ್ನಿಗೂ ಹಾಕದೆ. ‘ಎಲ್’ ಸೇರಿಸಿದರೆ ಬರೀ ಪಟ್ಟಿ ತೋರಿಸುತ್ತದೆ, ನಿಜ. ಕಪ್ಪು ಪರದೆ ಮೇಲೆ ಓಡುವ ಸಾವಿರಾರು ಸಾಲನ್ನು ರಾತ್ರಿ ಹನ್ನೊಂದಕ್ಕೆ ಯಾರು ಓದುತ್ತಾರೆ? ಸಿಂಕ್‌ಥಿಂಗ್ ಒಳ್ಳೆಯದೇ, ಆದರೆ ಅದು ಬೇರೆ ಬೇರೆ ಕಂಪ್ಯೂಟರ್‌ಗಳ ನಡುವೆ ಫೈಲು ಹೊಂದಿಸಿಡಲು, ನನಗೆ ಬೇಕಿದ್ದದ್ದು ಎರಡು ಡ್ರೈವ್‌ಗಳ ನಡುವೆ.

ಕೊನೆಗೆ ಉಳಿದದ್ದು ಫ್ರೀಫೈಲ್‌ಸಿಂಕ್. ‘ಕಂಪೇರ್’ ಒತ್ತಿದರೆ ಎಡಕ್ಕೆ ಕೆಲಸದ ಡ್ರೈವು, ಬಲಕ್ಕೆ ಬ್ಯಾಕಪ್ಪು, ನಡುವೆ ಪ್ರತಿ ಫೈಲಿಗೂ ಒಂದು ಗುರುತು. ಅಳಿಸುವಂಥದ್ದಕ್ಕೆ ಕಸದ ಬುಟ್ಟಿ. ಕೆಳಗಿನ ಬಟನ್‌ಗಳಿಂದ ಮಿಕ್ಕಿದ್ದನ್ನೆಲ್ಲ ಮರೆಮಾಡಿ ಬುಟ್ಟಿಗಳನ್ನಷ್ಟೇ ಮೊದಲು ನೋಡುತ್ತೇನೆ. ಅಲ್ಲಿ ಇಡೀ ಮದುವೆಯ ಫೋಲ್ಡರೇ ಕಂಡರೆ ಕೈ ತಡೆಯುತ್ತೇನೆ. ‘ಸಿಂಕ್ರೊನೈಸ್’ ಒತ್ತುವವರೆಗೂ ಏನೂ ಕದಲುವುದಿಲ್ಲ, ಅದೇ ನನಗೆ ಬೇಕಿದ್ದದ್ದು.

ಎರಡೂ ಕಡೆಯ ಬದಲಾವಣೆಯನ್ನು ಪರಸ್ಪರ ಒಯ್ಯುವ ‘ಟೂ ವೇ’ ನನಗೆ ಬೇಡ. ಬ್ಯಾಕಪ್ಪಿನಲ್ಲಾದ ಎಡವಟ್ಟು ಕೆಲಸದ ಡ್ರೈವಿಗೆ ಹಿಂದಿರುಗಿ ಬರಬಾರದು, ಅಲ್ವಾ? ಬ್ಯಾಕಪ್ಪನ್ನು ಕೆಲಸದ ಡ್ರೈವಿನಂತೆಯೇ ಮಾಡುವ ‘ಮಿರರ್’ ಇಟ್ಟು, ಜೊತೆಗೆ ‘ವರ್ಷನಿಂಗ್’ ಹಾಕಿಕೊಂಡೆ. ಅಳಿಸಿದ್ದು, ಮೇಲೆ ಬರೆದದ್ದು ಎರಡೂ ಸಮಯದ ಗುರುತಿನೊಂದಿಗೆ ಬೇರೆ ಫೋಲ್ಡರಿಗೆ ಹೋಗುತ್ತವೆ. ಜಾಗ ಜಾಸ್ತಿ ತಿನ್ನುತ್ತದೆ, ಹಾಗಾಗಿ ಬ್ಯಾಕಪ್ ಡ್ರೈವು 4 ಟಿಬಿಯದ್ದು. ಮದುಮಗಳ ಅಣ್ಣ ಮೂರು ತಿಂಗಳಾದ ಮೇಲೆ ಫೋನ್ ಮಾಡಿ, “ಮೊದಲಿನ ಕವರೇ ಚೆನ್ನಾಗಿತ್ತು ಸಾರ್” ಅನ್ನುವುದು ಈ ಕಸುಬಿನಲ್ಲಿ ಮಾಮೂಲು.

ಡ್ರೈವಿಗೆ ವಿಂಡೋಸ್ ಕೊಡುವ ಅಕ್ಷರವನ್ನು ನಂಬಬೇಡಿ. ಇವತ್ತು ‘ಇ’, ನಾಳೆ ಪೆನ್‌ಡ್ರೈವ್ ಸಿಕ್ಕಿಸಿದ್ದರೆ ‘ಎಫ್’. ಫ್ರೀಫೈಲ್‌ಸಿಂಕ್‌ನಲ್ಲಿ ಚೌಕ ಕಂಸದೊಳಗೆ ಡ್ರೈವಿನ ಹೆಸರನ್ನೇ ಕೊಡಬಹುದು. ಕೆಲಸ ಮುಗಿದ ಕೂಡಲೇ ಬ್ಯಾಕಪ್ ಡ್ರೈವು ಕಳಚಿ ಬೀರುವಿಗೆ. ಸಿಕ್ಕಿಸಿಯೇ ಇಟ್ಟರೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ.

ಆಗಾಗ ತಾರೀಕು, ಗಾತ್ರದ ಬದಲು ಫೈಲಿನ ಒಳಗನ್ನೇ ಹೋಲಿಸಿ ನೋಡುತ್ತೇನೆ. ಸೆಕೆಂಡಿಗೆ 100 ಎಂಬಿ ಓದಿದರೂ 2 ಟಿಬಿಗೆ ಐದೂವರೆ ಗಂಟೆ, ರಾತ್ರಿ ಹಚ್ಚಿ ಮಲಗುವುದೇ ಸರಿ. ತಾರೀಕು, ಗಾತ್ರ ಒಂದೇ ಇದ್ದು ಒಳಗೆ ಮಾತ್ರ ಬೇರೆ ಅಂತ ತೋರಿಸಿದರೆ ಸಿಂಕ್ ಮಾಡಬೇಡಿ. ಕೆಟ್ಟದ್ದು ಎಡಗಡೆಯದ್ದೂ ಆಗಿರಬಹುದು. ಎರಡನ್ನೂ ತೆರೆದು ನೋಡಿ.