ನೋವಿಗೂ ಮೊದಲೇ ಬರುವ ಮಂಕು: ಎಂಡೊಮೆಟ್ರಿಯೋಸಿಸ್ ಮತ್ತು ನನ್ನ ಲೆಡ್ಜರ್

ಎಂಡೊ ಅಂದರೆ ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಗಂಟುಗಟ್ಟಿ ಬೆಳೆಯುವ ಕಾಯಿಲೆ, ಚಾಕೊಲೇಟ್ ಸಿಸ್ಟ್ ಅಂದರೆ ಅದರಿಂದ ಅಂಡಾಶಯದಲ್ಲಿ ಆಗುವ ಹಳೇ ರಕ್ತದ ಗುಳ್ಳೆ, ಲ್ಯಾಪ್ರೊಸ್ಕೊಪಿ ಅಂದರೆ ಸಣ್ಣ ತೂತಿನಿಂದ ಮಾಡುವ ಆಪರೇಷನ್, ಇದೆಲ್ಲ ಈ ಕಾಯಿಲೆ ಇರುವ ನಿಮಗೆ ಗೊತ್ತಿರುವುದೇ. ಅದರ ಬಗ್ಗೆ ಇನ್ನು ಹೆಚ್ಚು ಬರೆಯುವುದಿಲ್ಲ. ದಿನಾ ನೋವು, ನಿದ್ದೆ, ಮನಸ್ಸಿನ ಅಂಕಿಗಳನ್ನು ನಾನು ಲೆಡ್ಜರ್‌ನಲ್ಲಿ ಕಾಲಂ ಹಾಕಿ ಬರೆದಿಡುತ್ತೇನೆ. ‘ಪುಸ್ತಕದಲ್ಲಿ ಬರೆದಿಟ್ಟರೆ ಹೊಟ್ಟೆನೋವು ಹೋಗ್ತದಾ’ ಅಂತ ನಕ್ಕವರೇ ಈಗ ‘ಆ ಕಾಲಂಗಳ ಫೋಟೋ ಕಳಿಸೇ’ ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಅದಕ್ಕೇ ಇದು.

ನಾನು ದಾವಣಗೆರೆಯಲ್ಲಿ ಆಡಿಟರ್ ಆಫೀಸೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಈ ಎರಡು ಜಿಎಸ್‌ಟಿ ರಿಟರ್ನ್ ಹಾಕಲು ಅವೇ ಕೊನೆ ದಿನ. ಮುಟ್ಟು 20ರ ಹತ್ತಿರ ಬಿತ್ತು ಅಂದರೆ ಮುಗೀತು ಕಥೆ. ಆಫೀಸಿನ ಬಾತ್‌ರೂಮಿನಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ನಿಂತು, ಮುಖ ತೊಳೆದುಕೊಂಡು ಬಂದು ಮತ್ತೆ ಇನ್‌ವಾಯ್ಸ್ ತಾಳೆ ನೋಡಿದ್ದು ಎಷ್ಟು ಸಲವೋ.

ಮೊದಲು ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ, ನನ್ನ ಕಸುಬೇ ಅದು. ಆಪರೇಷನ್‌ಗೆ ಎಲ್ಲಾ ಸೇರಿ ಒಂದೂಕಾಲು ಲಕ್ಷದ ಆಸುಪಾಸು. ಇನ್ಶೂರೆನ್ಸ್‌ನವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರು. ಎಂಆರ್‌ಐ ಒಂದು ಎಂಟೊಂಬತ್ತು ಸಾವಿರ. ಸ್ಕ್ಯಾನ್‌ಗಳನ್ನು ಎಣಿಸುವುದು ಬಿಟ್ಟು ವರ್ಷಗಳಾದವು. ಆಪರೇಷನ್ ಆದ ಮೇಲೆ ಒಂದೂವರೆ ವರ್ಷ ಚೆನ್ನಾಗಿದ್ದೆ. ಆಮೇಲೆ ನೋವು ತನ್ನ ಹಳೇ ಜಾಗಕ್ಕೇ ವಾಪಸ್ ಬಂತು. ಸ್ಕ್ಯಾನ್‌ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ‘ರಿಪೋರ್ಟ್ ಚೆನ್ನಾಗಿದೆಯಲ್ಲಮ್ಮ, ಟೆನ್ಷನ್ ಕಮ್ಮಿ ಮಾಡ್ಕೊ’ ಅಂದರು ಒಬ್ಬ ಡಾಕ್ಟರು. ಗಂಟು ಎಷ್ಟಿದೆ ಅನ್ನುವುದಕ್ಕೂ ನೋವು ಎಷ್ಟಿದೆ ಅನ್ನುವುದಕ್ಕೂ ಈ ಕಾಯಿಲೆಯಲ್ಲಿ ತಾಳೆ ಆಗುವುದಿಲ್ಲ ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತಿರಬೇಕಿತ್ತು.

ಆಮೇಲೆ ಡೈನೊಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ, ದಿನಕ್ಕೆ 2 ಮಿಲಿಗ್ರಾಂ. ನೋವು ನಿಜವಾಗಿಯೂ ಇಳಿಯಿತು. ಆದರೆ ನಾಲ್ಕೈದು ತಿಂಗಳಲ್ಲಿ ನಾನು ನಾನಾಗಿ ಉಳಿಯಲಿಲ್ಲ. ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುವುದು, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲದೆ ನಿಂತುಬಿಡುವುದು. ಮನಸ್ಸು ಕುಗ್ಗುವುದು ಆ ಮಾತ್ರೆಯ ಚೀಟಿಯಲ್ಲೇ ಅಡ್ಡಪರಿಣಾಮ ಅಂತ ಅಚ್ಚಾಗಿದೆ. ಡಾಕ್ಟರು ಬದಲಾದರು, ಹೊಸಬರು ನಿಲ್ಲಿಸಿದರು. ನಮ್ಮಲ್ಲೇ ಎಷ್ಟೋ ಜನ ಅದನ್ನೇ ತಗೊಂಡು ಆರಾಮಾಗಿದ್ದಾರೆ, ಸುಮ್ನೆ ನನ್ನ ಮಾತು ಕೇಳಿ ಯಾರೂ ಬಿಡಬೇಡಿ.

ನಿಲ್ಲಿಸಿದ ಮೇಲೆ ತಿಂಗಳ ನೋವು ಮೊದಲಿನ ಹಾಗೇ ಶುರುವಾಯಿತು. ಆಗ ಹಿಡಿದಿದ್ದು ಈ ಲೆಡ್ಜರ್. ಆಪ್‌ಗಳನ್ನು ನೋಡಿದ್ದೆ. ಅದರಲ್ಲಿ ಅಳುವ ಮುಖ, ನಗುವ ಮುಖ ಒತ್ತುವುದು, ನನಗೆ ಸರಿಬರಲಿಲ್ಲ. ಆಫೀಸಿನಲ್ಲಿ ಉಳಿದಿದ್ದ ಉದ್ದನೆಯ ಕೆಂಪು ಬೈಂಡಿನ ಪುಸ್ತಕ ತಂದು ಗೆರೆ ಹಾಕಿದೆ. ಮುಟ್ಟಿನ ದಿನ ಎಷ್ಟನೆಯದು, ನೋವು ಹತ್ತಕ್ಕೆ ಎಷ್ಟು, ನಿದ್ದೆ ಎಷ್ಟು ಗಂಟೆ, ಮನಸ್ಸು ಹತ್ತಕ್ಕೆ ಎಷ್ಟು, ಹೊಟ್ಟೆ ಉಬ್ಬರ, ಮೈಕೈ ನೋವು, ಮಾತ್ರೆ, ಆ ದಿನದ ಕೆಲಸ. ರಾತ್ರಿ ಮಲಗುವ ಮುಂಚೆ ಎರಡು ನಿಮಿಷ. ಕಥೆ ಬರೆಯಬಾರದು, ಬರೀ ಅಂಕಿ. ಕಥೆ ಬರೆಯಲು ಕೂತರೆ ಇನ್ನೂ ಕುಗ್ಗುತ್ತೇವೆ.

ಮೂರನೇ ತಿಂಗಳೋ ನಾಲ್ಕನೆಯದೋ, ಒಂದು ಭಾನುವಾರ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ನೋವಿನ ಅಂಕಿ ಏರುವ ಎರಡು ಮೂರು ದಿನ ಮೊದಲೇ ಮನಸ್ಸಿನ ಅಂಕಿ ಬೀಳುತ್ತಿತ್ತು. ಅದೇ ದಿನ ಮೈಕೈ ನೋವು, ಒಳಜ್ವರ ಬಂದ ಹಾಗೆ, ಊಟ ಬೇಡ, ಯಾರ ಮುಖವೂ ಬೇಡ. ಪ್ರತಿ ತಿಂಗಳೂ ಹೀಗೇ. ‘ನೋವು ಬರುತ್ತೆ ಅಂತ ನೆನೆಸಿಕೊಂಡು ಮೊದಲೇ ಕುಗ್ಗುತ್ತೀಯ’ ಅನ್ನುತ್ತಿದ್ದಳು ನಮ್ಮಕ್ಕ. ಆದರೆ ತಾರೀಕು ಮರೆತುಹೋಗಿದ್ದ ತಿಂಗಳಲ್ಲೂ ಪುಸ್ತಕ ಅದನ್ನೇ ಹೇಳುತ್ತಿತ್ತು.

ಇದನ್ನು ತೋರಿಸಿದಾಗ ಹೊಸ ಡಾಕ್ಟರು ಪೆನ್ನು ಕೆಳಗಿಟ್ಟು ಪೂರ್ತಿ ಓದಿದರು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಮುಟ್ಟಿನ ರಕ್ತ ಸ್ವಲ್ಪ ಹಿಂದಕ್ಕೆ ಹೊಟ್ಟೆಯೊಳಗೆ ಹರಿಯುವುದು ಹೆಚ್ಚುಕಮ್ಮಿ ಎಲ್ಲ ಹೆಂಗಸರಲ್ಲೂ ಆಗುತ್ತದೆ. ಸ್ಯಾಂಪ್ಸನ್ ಅನ್ನುವ ಅಮೆರಿಕದ ಡಾಕ್ಟರು 1920ರ ದಶಕದಲ್ಲೇ ಕಾಯಿಲೆ ಹುಟ್ಟುವುದು ಈ ದಾರಿಯಲ್ಲಿ ಅಂತ ಹೇಳಿದ್ದರು. ಆದರೆ ಕಾಯಿಲೆ ಬರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಉಳಿದವರಲ್ಲಿ ರೋಗನಿರೋಧಕ ಕಣಗಳು ಅದನ್ನು ಗುಡಿಸಿ ಹಾಕುತ್ತವೆ. ನಮ್ಮಲ್ಲಿ ಆ ಗುಡಿಸುವ ಕೆಲಸದ ಎನ್‌ಕೆ ಅನ್ನುವ ಬಗೆಯ ಕಣಗಳು ಮಂದ. ಮ್ಯಾಕ್ರೊಫೇಜ್ ಅನ್ನುವ ಇನ್ನೊಂದು ಬಗೆಯ ಕಣಗಳು ಬೇಕಾದಷ್ಟು ಇವೆ, ಆದರೆ ಗುಡಿಸುವ ಬದಲು ಆ ಗಂಟುಗಳಿಗೆ ಹೊಸ ರಕ್ತನಾಳ, ಹೊಸ ನರ ಬೆಳೆಯಲು ನೆರವಾಗುತ್ತವೆ. ಅವು ಬಿಡುವ ಉರಿಯೂತದ ರಾಸಾಯನಿಕಗಳು ಹೊಟ್ಟೆಯಲ್ಲೇ ನಿಲ್ಲುವುದಿಲ್ಲ, ಮಿದುಳಿಗೂ ಸುದ್ದಿ ಮುಟ್ಟಿಸುತ್ತವೆ. ಫ್ಲೂ ಜ್ವರ ಬಂದಾಗ ಮೂಲೆ ಹಿಡಿದು ಮಲಗೋಣ ಅನ್ನಿಸುತ್ತದಲ್ಲ, ಮಂಕು ಅನ್ನಿಸುತ್ತದಲ್ಲ, ಅದೇ ದಾರಿ. ‘ನಿಮ್ಮ ಮಂಕಿನಲ್ಲಿ ಎಷ್ಟು ಉರಿಯೂತದ್ದು, ಎಷ್ಟು ಹಾರ್ಮೋನಿನದು, ಎಷ್ಟು ವರ್ಷಗಟ್ಟಲೆ ನೋವು ತಿಂದದ್ದು ಅಂತ ಬಿಡಿಸಿ ಹೇಳೋ ಟೆಸ್ಟು ಇಲ್ಲ. ಆದ್ರೆ ನಿಮಗೆ ಇದು ಮುನ್ಸೂಚನೆ, ಬಳಸ್ಕೊಳ್ಳಿ’ ಅಂದರು.

ಬಳಸಿಕೊಂಡೆ. ನನ್ನ ಪದ್ಧತಿ ಇಷ್ಟೇ: ನೋವು ಬಂದ ದಿನ ಅಲ್ಲ, ಮಂಕು ಬಂದ ದಿನ ಕೆಲಸ ಶುರು. ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆ ನ್ಯಾಪ್ರೊಕ್ಸೆನ್ ಅವತ್ತೇ ಶುರು, ಊಟ ಆದ ಮೇಲೆ, ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆ. ನೋವು ಏರಿದ ಮೇಲೆ ತಗೊಂಡರೆ ಅದು ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಅಲ್ಸರ್, ಅಸ್ತಮಾ, ಕಿಡ್ನಿ ತೊಂದರೆ ಇರುವವರು, ಮಗುವಿಗೆ ಪ್ರಯತ್ನಿಸುತ್ತಿರುವವರು ಕೇಳದೆ ಮುಟ್ಟಬೇಡಿ. ಅವತ್ತಿನಿಂದ ರಾತ್ರಿ ಹತ್ತಕ್ಕೆ ಫೋನು ಅಡುಗೆಮನೆಯಲ್ಲಿ. ಭಾರದ ಕೆಲಸ ಅರ್ಧ. ಆದರೆ ಪೂರ್ತಿ ಮಲಗುವುದೂ ಇಲ್ಲ, ಸಂಜೆ ಇಪ್ಪತ್ತು ನಿಮಿಷ ನಡಿಗೆ ಇದ್ದೇ ಇದೆ. ಅತ್ತೆ ಮೂರು ದಿನ ಅಡುಗೆ ಒಪ್ಪಿಕೊಳ್ಳುವ ಹಾಗೆ ಹೇಗೆ ಮಾಡಿದೆ ಅಂತ ಕೇಳಬೇಡಿ, ಅದು ಹೇಳಲ್ಲ. ಅವರೂ ಓದುತ್ತಾರೆ.

ಎರಡನೇ ಭಾಗ ಮನಸ್ಸಿನದು. ಇದಕ್ಕೇ ಹೆಚ್ಚು ಜನ ಮೂಗು ಮುರಿದದ್ದು. ಕೌನ್ಸೆಲಿಂಗ್‌ಗೆ ಹೋದರೆ ‘ನೋವೆಲ್ಲಾ ತಲೇಲಿದೆ’ ಅಂತ ನಾವೇ ಒಪ್ಪಿಕೊಂಡ ಹಾಗಲ್ವಾ ಅಂತ ಗೆಳತಿಯೊಬ್ಬಳು ಜಗಳಕ್ಕೇ ಬಂದಳು. ನಾನು ಶುರು ಮಾಡಿದ್ದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಿಂದ, 14416. 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆಮೇಲೆ ವಿಡಿಯೋದಲ್ಲಿ ಒಬ್ಬ ಸೈಕಾಲಜಿಸ್ಟ್, ಸಲಕ್ಕೆ ಸಾವಿರದ ಇನ್ನೂರೋ ಏನೋ, ಸುಮಾರು ನಾಲ್ಕು ತಿಂಗಳು. ಮೊದಲ ಸಲ ಪಿಎಚ್‌ಕ್ಯೂ-9 ತುಂಬಿಸಿದರು, ಮನಸ್ಸು ಎಷ್ಟು ಕುಗ್ಗಿದೆ ಅಂತ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಅದು, ಅಂಕಿ ಹೆಚ್ಚಿದಷ್ಟೂ ಕುಗ್ಗಿದ್ದು ಹೆಚ್ಚು. 27ಕ್ಕೆ 17ರ ಹತ್ತಿರ ಬಂತು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆ ಬಗ್ಗೆ. ಅದಕ್ಕೆ ಸೊನ್ನೆ ಹಾಕಲು ನನಗೆ ಆಗಲಿಲ್ಲ. ಅವರು ಗಾಬರಿಯಾಗಲಿಲ್ಲ, ನೇರವಾಗಿ ಕೇಳಿದರು. ಯಾರಾದರೂ ನೇರವಾಗಿ ಕೇಳಿದ್ದು ಅದೇ ಮೊದಲು. ನಿಮಗೂ ಅಲ್ಲಿ ಸೊನ್ನೆ ಬರದಿದ್ದರೆ ಲೆಡ್ಜರ್ ಆಮೇಲೆ ಹಾಕಿ, ಮೊದಲು ಆ ನಂಬರಿಗೆ ಫೋನ್ ಮಾಡಿ.

ಅಲ್ಲಿ ಕಲಿತದ್ದರಲ್ಲಿ ಒಂದು ಹೇಳುತ್ತೇನೆ. ನೋವು ಶುರುವಾದ ಕೂಡಲೇ ನನ್ನ ತಲೆ ಒಂದೇ ಓಟ ಓಡುತ್ತಿತ್ತು: ಇವತ್ತು 3ಬಿ ಹೋಗಲ್ಲ, ಲೇಟ್ ಫೀ, ಕೆಲಸ ಹೋಗುತ್ತೆ, ಮಗು ಆಗಲ್ಲ, ಎಲ್ಲಾ ಮುಗೀತು. ಆ ಸಾಲನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ ಹಾಗೇ ಬರೆದು, ಪಕ್ಕದಲ್ಲಿ ನಿಜವಾಗಿ ಆದದ್ದನ್ನು ಬರೆಯಲು ಹೇಳಿದರು. ವರ್ಷದಲ್ಲಿ ಲೇಟ್ ಫೀ ಬಿದ್ದದ್ದು ಒಂದೇ ಸಲ. ಅದೂ ಕ್ಲೈಂಟ್ ಬಿಲ್ ಕೊಡದೆ ಆಟ ಆಡಿಸಿದ್ದಕ್ಕೆ! ಡೆಬಿಟ್, ಕ್ರೆಡಿಟ್ ಎದುರುಬದುರು ನಿಂತರೆ ನನ್ನಂಥವಳು ನಂಬಲೇಬೇಕು.

ಫಿಸಿಯೋ ವಿಷಯ. ಮೊದಲು ಹೋದ ಕಡೆ ಕೆಗೆಲ್ ಹೇಳಿಕೊಟ್ಟರು, ಕೆಳಹೊಟ್ಟೆಯ ತಳದ ಸ್ನಾಯು ಬಿಗಿ ಹಿಡಿಯುವ ವ್ಯಾಯಾಮ. ಆರು ವಾರ ಮಾಡಿದೆ, ಕೂರುವುದೂ ಕಷ್ಟವಾಯಿತು. ನಮ್ಮ ಕೆಳಹೊಟ್ಟೆಯ ಸ್ನಾಯುಗಳು ನೋವಿಗೆ ಹೆದರಿ ಮೊದಲೇ ಬಿಗಿದುಕೊಂಡಿರುತ್ತವೆ, ಅದನ್ನು ಇನ್ನೂ ಬಿಗಿ ಅಂದರೆ ಹೇಗೆ? ಬೆಂಗಳೂರಿನಲ್ಲಿ ಪೆಲ್ವಿಕ್ ಫ್ಲೋರ್, ಅಂದರೆ ಆ ತಳದ ಸ್ನಾಯು ಮಾತ್ರ ನೋಡುವವರು ಸಿಕ್ಕಿದರು, ಸಲಕ್ಕೆ ಸಾವಿರದ ಮೇಲೆ, ರೈಲು ಚಾರ್ಜ್ ಬೇರೆ. ಅವರು ಸಡಿಲ ಬಿಡುವುದನ್ನು ಕಲಿಸಿದರು. ಉಸಿರು ಒಳಗೆ ಎಳೆದಾಗ ಆ ಸ್ನಾಯುವನ್ನು ಕೆಳಗೆ ಬಿಡಬೇಕು, ಎತ್ತಬಾರದು. ಕಲಿಯಲು ತಿಂಗಳು ಹಿಡಿಯಿತು. ಕಲಿತ ಮೇಲೆ ಕುರ್ಚಿಯಲ್ಲಿ ಕೂತು ಟ್ಯಾಲಿ ಮಾಡುತ್ತಲೇ ಮಾಡಬಹುದು, ಪಕ್ಕದವರಿಗೂ ಗೊತ್ತಾಗಲ್ಲ. ಬಿಗಿ ತಪ್ಪಿಸಲು ನಾನು ಕುರ್ಚಿಯಲ್ಲಿ ಇಟ್ಟುಕೊಳ್ಳುವ ಒಂದು ವಸ್ತು ಇದೆ. ಅದು ನನ್ನ ಗುಟ್ಟು, ಇರಲಿ.

ಬಿಸಿನೀರಿನ ಬ್ಯಾಗ್ ಬಗ್ಗೆ ಒಂದು ಎಚ್ಚರಿಕೆ. ನನ್ನ ಹೊಟ್ಟೆ ಮೇಲೆ ಕಂದು ಬಣ್ಣದ ಬಲೆ ಬಲೆ ಗೆರೆ ಬಂದಿತ್ತು. ಮೀನಿನ ಬಲೆ ಹಾಸಿದ ಹಾಗೆ. ಫಂಗಸ್ ಅಂತ ಮೆಡಿಕಲ್ ಶಾಪಿನವರು ಮುಲಾಮು ಕೊಟ್ಟರು, ಏನೂ ಆಗಲಿಲ್ಲ. ಅದು ದಿನಾ ಬಿಸಿ ಇಟ್ಟು ಇಟ್ಟು ಚರ್ಮಕ್ಕೆ ಆದ ಗುರುತು. ಈಗ ದಪ್ಪ ಟವೆಲ್ ಸುತ್ತಿ, ಹದಿನೈದು ಇಪ್ಪತ್ತು ನಿಮಿಷ ಮಾತ್ರ. ಉಳಿದ ಹೊತ್ತಿಗೆ ಚರ್ಮದ ಮೇಲೆ ಸಣ್ಣ ಕರೆಂಟ್ ಬಿಟ್ಟು ನೋವು ತಗ್ಗಿಸುವ ಟೆನ್ಸ್ ಮಷಿನ್, ಎರಡು ಸಾವಿರದೊಳಗೆ ಸಿಕ್ಕಿತು. ಇಷ್ಟು ದುಡ್ಡಿನಲ್ಲಿ ಅತಿ ಕಡಿಮೆಯದು, ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ನಡುವೆ ಮಾಡಿದ ಪ್ರಯೋಗಗಳು ಒಂದಾ ಎರಡಾ. ‘ಇಮ್ಯೂನಿಟಿ ಬೂಸ್ಟರ್’ ಪುಡಿ, ಐದಾರು ಸಾವಿರ ನೀರಿನಲ್ಲಿ ಹೋಮ. ನಮ್ಮ ರೋಗನಿರೋಧಕ ವ್ಯವಸ್ಥೆ ಪೂರ್ತಿ ಸೊರಗಿ ಮಲಗಿಲ್ಲ ಕಣ್ರೀ, ಅಡ್ಡದಾರಿಯಲ್ಲಿ ದುಡಿಯುತ್ತಿದೆ. ಅದಕ್ಕೆ ಬೂಸ್ಟ್ ಕೊಟ್ಟು ಏನು ಮಾಡುವುದು? ಹಾಗಂತ ಅದನ್ನು ಹಿಡಿದು ಕೂರಿಸಿದರೆ ಸರಿಹೋಗುತ್ತಾ? ಸಂಧಿವಾತಕ್ಕೆ ಕೊಡುವ, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಇನ್ಫ್ಲಿಕ್ಸಿಮ್ಯಾಬ್ ಚುಚ್ಚುಮದ್ದನ್ನು ಆಳವಾದ ಎಂಡೊ ಇರುವವರಿಗೆ ಕೊಟ್ಟು ನೋಡಿದ್ದು 2008ರಲ್ಲಿ ಪ್ರಕಟವಾಗಿದೆ, ನೋವು ಇಳಿಯಲಿಲ್ಲ. 2023ರಲ್ಲಿ ಜಪಾನಿನ ನಗೋಯಾದವರು ಫ್ಯೂಸೊಬ್ಯಾಕ್ಟೀರಿಯಂ ಅನ್ನುವ ಬ್ಯಾಕ್ಟೀರಿಯಾ ನಮ್ಮಂಥವರ ಗರ್ಭಕೋಶದಲ್ಲಿ ಜಾಸ್ತಿ ಅಂದಾಗ ನಮ್ಮವರೆಲ್ಲ ಆ್ಯಂಟಿಬಯೋಟಿಕ್ ಕೇಳಲು ಓಡಿದರು. ಆ್ಯಂಟಿಬಯೋಟಿಕ್ ಕೊಟ್ಟಾಗ ಗಂಟು ಕಮ್ಮಿಯಾದದ್ದು ಇಲಿಗಳಲ್ಲಿ. ನಾನು ಓಡಲಿಲ್ಲ.

ಗೋಧಿ ಬಿಟ್ಟು ನೋಡಿದೆ. ದಾವಣಗೆರೆಯವಳಿಗೆ ಜೋಳದ ರೊಟ್ಟಿ ಇದ್ದರೆ ಗೋಧಿ ಬಿಡುವುದು ದೊಡ್ಡದಲ್ಲ, ಬೆಣ್ಣೆ ದೋಸೆಗೂ ಅಡ್ಡಿ ಇಲ್ಲ. ಹೊಟ್ಟೆ ಉಬ್ಬರ ಇಳಿಯಿತು, ಮುಟ್ಟಿನ ನೋವು ಒಂದು ಅಂಕಿಯೂ ಕದಲಲಿಲ್ಲ. ಬಿಡುವ ಮುಂಚೆ ಸೀಲಿಯಾಕ್, ಅಂದರೆ ಗೋಧಿಯ ಗ್ಲುಟೆನ್ ಒಗ್ಗದ ಕಾಯಿಲೆಯ ರಕ್ತಪರೀಕ್ಷೆ ಮಾಡಿಸಿ, ಬಿಟ್ಟ ಮೇಲೆ ಮಾಡಿಸಿದರೆ ಸರಿಯಾಗಿ ತೋರಿಸುವುದಿಲ್ಲ. ಎಂಡೊ ಇರುವವರಲ್ಲಿ ಸೀಲಿಯಾಕ್, ಸಂಧಿವಾತ, ಸೋರಿಯಾಸಿಸ್ ಥರದವು ಉಳಿದವರಿಗಿಂತ ಜಾಸ್ತಿ ಅಂತ 2025ರಲ್ಲಿ ಆಕ್ಸ್‌ಫರ್ಡಿನವರು ಬರೆದಿದ್ದಾರೆ. ಒಂದರಿಂದ ಇನ್ನೊಂದು ಬರುತ್ತದೆ ಅಂತ ಸಾಬೀತಾಗಿಲ್ಲ, ಒಟ್ಟೊಟ್ಟಿಗೆ ಕಾಣಿಸಿಕೊಳ್ಳುತ್ತವೆ ಅಂತ. ನನ್ನದು ನೆಗೆಟಿವ್ ಬಂತು. ಆದರೆ ಬೆಳಿಗ್ಗೆ ಬೆರಳು ಹಿಡಿದುಕೊಳ್ಳುವವರು, ಚರ್ಮ ಹಪ್ಪಳದ ಹಾಗೆ ಏಳುವವರು ‘ಇದೂ ಎಂಡೊದ್ದೇ’ ಅಂತ ಬಿಟ್ಟುಬಿಡಬೇಡಿ.

ಫಲ ಏನು ಅಂದರೆ, ನೋವು ಹೋಗಿಲ್ಲ. ಎಂಟೊಂಬತ್ತಕ್ಕೆ ಏರುತ್ತಿದ್ದದ್ದು ಈಗ ಐದರ ಹತ್ತಿರ ನಿಲ್ಲುತ್ತದೆ. ತಿಂಗಳಿಗೆ ಮೂರ್ನಾಲ್ಕು ರಜೆ ಹೋಗುತ್ತಿದ್ದವಳು ಈಗ ಒಂದು, ಕೆಲವು ತಿಂಗಳು ಅದೂ ಇಲ್ಲ. ಪಿಎಚ್‌ಕ್ಯೂ ಕೊನೆಗೆ ಏಳೋ ಎಂಟೋ ಇತ್ತು. ಒಂಬತ್ತನೆಯದಕ್ಕೆ ಸೊನ್ನೆ. ‘ಟೆನ್ಷನ್ ಕಮ್ಮಿ ಮಾಡ್ಕೊ’ ಅಂದಿದ್ದ ಡಾಕ್ಟರ ಬಳಿಯೂ ಪುಸ್ತಕ ತಗೊಂಡು ಹೋಗಿ ತೋರಿಸಿ ಬಂದೆ. ಅಷ್ಟು ಮಾಡದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ ಬಿಡಿ. ಅವರು ಈಗ ಒಬ್ಬಿಬ್ಬರಿಗೆ ಇದನ್ನೇ ಬರೆಯಲು ಹೇಳುತ್ತಿದ್ದಾರಂತೆ.

ಎಲ್ಲರಿಗೂ ಹೀಗೇ ಆಗಬೇಕು ಅಂತಿಲ್ಲ. ನನ್ನ ಕಾಲಂಗಳನ್ನೇ ಹಾಕಿಕೊಂಡ ಹಾವೇರಿಯ ಗೆಳತಿಗೆ ಮಂಕು ಬರುವುದು ನೋವು ಇಳಿದ ಮೇಲೆ. ಅವಳಿಗೆ ಮುನ್ಸೂಚನೆ ನಿದ್ದೆ ಕಾಲಂನಲ್ಲಿತ್ತು. ಇನ್ನೊಬ್ಬಳ ಪುಸ್ತಕದಲ್ಲಿ ಏನೂ ತಾಳೆಯಾಗಲಿಲ್ಲ, ಅವಳು ಹಾರ್ಮೋನಿಗೆ ವಾಪಸ್ ಹೋದಳು, ಆರಾಮಾಗಿದ್ದಾಳೆ. ಮೂರು ತಿಂಗಳಾದರೂ ತುಂಬಿಸದೆ ಏನನ್ನೂ ತೀರ್ಮಾನಿಸಬೇಡಿ. ಒಂದು ತಿಂಗಳ ಹಾಳೆ ನೋಡಿ ಬ್ಯಾಲೆನ್ಸ್ ಶೀಟ್ ಹಾಕುವವರನ್ನು ಆಫೀಸಿನಲ್ಲೂ ನಾನು ನಂಬುವುದಿಲ್ಲ. ಕಾಲಂಗಳ ಫೋಟೋ ಬೇಕಾದವರು ಕೇಳಿ, ಕಳಿಸುತ್ತೇನೆ. ಹಿಂದಿನ ಹಾಳೆಗಳದ್ದು ಮಾತ್ರ ಕೇಳಬೇಡಿ.